ಬಂದ ಹಣ, ನಿಂತ ಹಣ: ವಿದೇಶಿ ಬಂಡವಾಳದ ಸುದ್ದಿ ಕೇಳಿದಾಗ ಕೇಳಬೇಕಾದ ನಾಲ್ಕು ಪ್ರಶ್ನೆ



ಬೆಳಗಿನ ವಾರ್ತೆಯಲ್ಲಿ ಈ ಮಾತನ್ನು ನೀವು ಎಷ್ಟು ಸಲ ಕೇಳಿಲ್ಲ? "ಇಂಥ ದೇಶದ ಇಂಥ ಕಂಪನಿ ನಮ್ಮಲ್ಲಿ ಇಷ್ಟು ಸಾವಿರ ಕೋಟಿ ರೂಪಾಯಿ ಬಂಡವಾಳ ಹೂಡಲಿದೆ. ಇಷ್ಟು ಸಾವಿರ ಜನರಿಗೆ ಕೆಲಸ ಸಿಗಲಿದೆ." ನೀವು ದಾದರ್‌ನಲ್ಲಿ ಲೋಕಲ್ ಹತ್ತುವ ಅವಸರದಲ್ಲಿರುತ್ತೀರಿ, ಇಲ್ಲವೇ ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರುತ್ತೀರಿ. ಅಂಕಿ ಕಿವಿಗೆ ಬೀಳುತ್ತದೆ, ಮುಂದಿನ ಹಾಡು ಶುರುವಾಗುತ್ತದೆ. ಒಳ್ಳೆಯ ಸುದ್ದಿಯೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತೀರಿ.

ಒಳ್ಳೆಯದೇ ಇರಬಹುದು. ಆದರೆ ಅಂಕಿಯೊಂದನ್ನೇ ಕೇಳಿ ಅದನ್ನು ಹೇಳಲಾಗದು. ಹೊರಗಿನಿಂದ ಬರುವ ಹಣದಲ್ಲಿ ನೆಲ ಅಗೆದು ಕಾರ್ಖಾನೆ ಕಟ್ಟುವ ಹಣವೂ ಇರುತ್ತದೆ, ಚಪ್ಪಲಿ ಬಿಚ್ಚದೆ ಜಗುಲಿಯ ಮೇಲೆ ಕೂತು ಹೊರಟುಹೋಗುವ ಹಣವೂ ಇರುತ್ತದೆ. ನಮ್ಮ ಖರ್ಚಿನಲ್ಲಿ ತನ್ನ ಲಾಭಕ್ಕೆ ಜಾಮೀನು ಬರೆಸಿಕೊಳ್ಳುವ ಹಣವೂ ಉಂಟು. ನಿಮ್ಮ ನೌಕರಿ, ನಿಮ್ಮ ಮ್ಯೂಚುವಲ್ ಫಂಡ್, ನಿಮ್ಮ ಕರೆಂಟ್ ಬಿಲ್ಲು, ಊರಿನಲ್ಲಿರುವ ನಿಮ್ಮ ಅಣ್ಣ ತಮ್ಮಂದಿರ ಹೊಲ, ಇವೆಲ್ಲಕ್ಕೂ ಈ ವ್ಯತ್ಯಾಸದ ಬಿಸಿ ತಟ್ಟುತ್ತದೆ. ಎಷ್ಟು ಹಣ ಬಂತು ಎನ್ನುವುದಕ್ಕಿಂತ ಯಾವ ಕರಾರಿನ ಮೇಲೆ ಬಂತು ಎನ್ನುವುದು ಮುಖ್ಯ. ಈ ಸಲ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪರರ ಹಣ ನಮಗೇಕೆ?

ಬೆಳೆಯುತ್ತಿರುವ ದೇಶದಲ್ಲಿ ಜನರಿರುತ್ತಾರೆ, ಜಾಗವಿರುತ್ತದೆ, ದುಡಿಯುವ ಹುಮ್ಮಸ್ಸೂ ಇರುತ್ತದೆ. ಇಲ್ಲದಿರುವುದು ಮೂರು: ಕೂಡಿಟ್ಟ ಬಂಡವಾಳ, ಒಳ್ಳೆಯ ಯಂತ್ರ, ಆ ಯಂತ್ರವನ್ನು ನಡೆಸುವ ತಿಳಿವಳಿಕೆ. ಯಂತ್ರ ಹೊರಗಿನಿಂದ ಬರಬೇಕು, ಅದಕ್ಕೆ ಡಾಲರ್ ಕೊಡಬೇಕು.

ಡಾಲರನ್ನು ಸಾಲವಾಗಿ ತರಬಹುದು. ಆದರೆ ಸಾಲ ಕೊಟ್ಟವನಿಗೆ ನಿಮ್ಮ ಕಾರ್ಖಾನೆ ನಡೆಯಿತೋ ಮುಚ್ಚಿತೋ ಸಂಬಂಧವಿಲ್ಲ. ಕಂತು ಬಂದ ದಿನ ಬಾಗಿಲಲ್ಲಿ ನಿಂತಿರುತ್ತಾನೆ. ಹೂಡಿಕೆ ಹಾಗಲ್ಲ. ಹೂಡಿದವನು ಪಾಲುದಾರ. ಲಾಭ ಬಂದರೆ ಅವನಿಗೂ ಪಾಲು, ನಷ್ಟವಾದರೆ ಅವನ ಕಿಸೆಗೂ ಕತ್ತರಿ. ಸಾಲಕ್ಕಿಂತ ಹೂಡಿಕೆ ಮೇಲು ಎಂದು ಅರ್ಥಶಾಸ್ತ್ರದವರು ಹೇಳುವುದಕ್ಕೆ ಇದೂ ಒಂದು ಕಾರಣ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶ ಬಹಳ ಕಾಲ ಈ ಪಾಲುದಾರರನ್ನು ಹೊಸ್ತಿಲ ಹೊರಗೇ ನಿಲ್ಲಿಸಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಪ್ರಕಾರ ಬಹುತೇಕ ಉದ್ದಿಮೆಗಳಲ್ಲಿ ವಿದೇಶಿ ಪಾಲು ಶೇ. 40 ದಾಟುವಂತಿರಲಿಲ್ಲ. ಆ ನಿಯಮಕ್ಕೆ ಒಗ್ಗದೆ ಕೋಕಾ ಕೋಲಾ ಮತ್ತು ಐಬಿಎಂ 1977–78ರ ಹೊತ್ತಿಗೆ ಗಂಟುಮೂಟೆ ಕಟ್ಟಿದವು.

ಆಮೇಲೆ 1991 ಬಂತು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತ್ತು, ಅನಿವಾಸಿ ಭಾರತೀಯರು ಇಟ್ಟ ಠೇವಣಿ ಹಿಂದೆ ಹೋಗುತ್ತಿತ್ತು. ಬೊಕ್ಕಸದಲ್ಲಿ ಉಳಿದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಆ ವರ್ಷ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅಡವಿಡಬೇಕಾಯಿತು. ಮನೆಯ ಒಡವೆ ಅಡವಿಟ್ಟವರಿಗೆ ಆ ಸಂಕಟ ವಿವರಿಸಿ ಹೇಳಬೇಕಿಲ್ಲ. 1991ರ ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಹೊರಬಿತ್ತು. 34 ಬಗೆಯ ಉದ್ದಿಮೆಗಳಲ್ಲಿ ಶೇ. 51ರವರೆಗೆ ವಿದೇಶಿ ಪಾಲಿಗೆ ತಾನಾಗಿಯೇ ಒಪ್ಪಿಗೆ ಎಂದು ಅದು ಸಾರಿತು. ಬಾಗಿಲು ತೆರೆದದ್ದು ಹೀಗೆ.

ಬಾಗಿಲು ತೆರೆದ ಮೇಲೆ ಬಂದವರೆಲ್ಲ ಒಂದೇ ಥರದವರಲ್ಲ. ಯಾರು ಯಾರೆಂದು ಗುರುತಿಸಲು ನಾಲ್ಕು ಪ್ರಶ್ನೆಗಳಿವೆ.

1. ಬಂದಿದೆಯೋ, ಬರುತ್ತೇನೆ ಅಂದಿದೆಯೋ?

ವಾರ್ತೆಯಲ್ಲಿ ಕೇಳುವ ದೊಡ್ಡ ಅಂಕಿಗಳಲ್ಲಿ ಬಹಳಷ್ಟು ಒಡಂಬಡಿಕೆಯ ಅಂಕಿಗಳು. ಒಡಂಬಡಿಕೆ ಎಂದರೆ ವೀಳ್ಯದೆಲೆ ಬದಲಾಯಿಸಿಕೊಂಡ ಹಾಗೆ. ಮದುವೆ ಇನ್ನೂ ಆಗಿಲ್ಲ. ಮಹಾರಾಷ್ಟ್ರವಿರಲಿ, ತಮಿಳುನಾಡಿರಲಿ, ನಮ್ಮ ಕರ್ನಾಟಕವಿರಲಿ, ಹೂಡಿಕೆದಾರರ ಸಮಾವೇಶ ನಡೆದಾಗಲೆಲ್ಲ ಲಕ್ಷ ಕೋಟಿಗಳ ಲೆಕ್ಕ ಹೊರಬರುತ್ತದೆ. ಸ್ವದೇಶಿ ಕಂಪನಿಗಳ ಮಾತೂ ಅದರಲ್ಲಿ ಸೇರಿರುತ್ತದೆ. ಆದರೆ ವೇದಿಕೆಯ ಮೇಲೆ ಹೇಳಿದ್ದಷ್ಟೂ ನೆಲದ ಮೇಲೆ ಏಳುವುದಿಲ್ಲ.

ಗದಗ ಕಡೆಯವರಿಗೆ ಹಳ್ಳಿಗುಡಿಯ ನೆನಪಿರಬಹುದು. 2010ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಉಕ್ಕಿನ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಮೊತ್ತ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕದ್ದು. ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಿನ ಫಲವತ್ತಾದ ಎರೆ ಭೂಮಿಯ ಮೇಲೆ ಕಣ್ಣು ಬಿತ್ತು. ರೈತರು ಎದ್ದು ನಿಂತರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಜೊತೆ ನಿಂತರು. 2011ರ ಜುಲೈಯಲ್ಲಿ ಸರ್ಕಾರವೇ ಹಿಂದೆ ಸರಿಯಿತು. ಅಲ್ಲಿ ಕೊನೇ ಪಕ್ಷ ಭೂಮಿ ಉಳಿಯಿತು.

ಬಳ್ಳಾರಿಯ ಕುಡಿತಿನಿ ಕಡೆ ಹಾಗಾಗಲಿಲ್ಲ. ಅದೇ 2010ರಲ್ಲಿ ಆರ್ಸೆಲರ್ ಮಿತ್ತಲ್ ಕಂಪನಿಯ ಉಕ್ಕಿನ ಕಾರ್ಖಾನೆ ಘೋಷಣೆಯಾಯಿತು. ಇಲ್ಲಿ ಭೂಮಿ ಸ್ವಾಧೀನವೂ ಆಯಿತು. ಉಕ್ಕಿನ ಕಾರ್ಖಾನೆ ಮಾತ್ರ ಏಳಲಿಲ್ಲ. ಭೂಮಿ ಕೊಟ್ಟ ರೈತರು ಸರಿಯಾದ ಪರಿಹಾರಕ್ಕಾಗಿ, ಕೆಲಸಕ್ಕಾಗಿ ವರ್ಷಗಟ್ಟಲೆ ಧರಣಿ ಕೂರಬೇಕಾಯಿತು. ಹೂಡುತ್ತೇನೆ ಎಂದವನು ಮನಸ್ಸು ಬದಲಾಯಿಸಿದರೆ ಅವನಿಗೆ ಆಗುವ ನಷ್ಟ ಸ್ವಲ್ಪ. ಅವನನ್ನು ನಂಬಿ ಹೊಲ ಬಿಟ್ಟವನ ಗತಿ?

ಆದ್ದರಿಂದ ಮೊದಲ ಪ್ರಶ್ನೆ ಇದು: ಇದು ಮಾತೋ, ಹಣವೋ? ಮಾತಾದರೆ, ಕೆಲಸ ಶುರುಮಾಡಲು ಗಡುವು ಇದೆಯೇ? ಗಡುವು ಮೀರಿದರೆ ಭೂಮಿ ಯಾರಿಗೆ?

2. ನೆಲ ಹಿಡಿಯುವ ಹಣವೋ, ಹಾರುವ ಹಣವೋ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕುಂದಾಪುರದ ಕಡೆಯವರೊಬ್ಬರು ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ತೆಗೆದರು ಅಂದುಕೊಳ್ಳಿ. ಗ್ರೈಂಡರ್ ತಂದರು, ಒಲೆ ಹಾಕಿಸಿದರು, ಊರಿನಿಂದ ನಾಲ್ಕು ಹುಡುಗರನ್ನು ಕರೆಸಿ ಕೆಲಸ ಕಲಿಸಿದರು, ತರಕಾರಿಯವನ ಹತ್ತಿರ ಖಾತೆ ತೆರೆದರು. ನಾಳೆ ವ್ಯಾಪಾರ ಕುಸಿದರೆ ಅವರು ಗ್ರೈಂಡರನ್ನು ಬಗಲಲ್ಲಿಟ್ಟುಕೊಂಡು ಓಡಲಾಗದು. ತಡೆದುಕೊಂಡು ನಡೆಸಬೇಕು. ಇದು ನೇರ ಹೂಡಿಕೆ. ಇನ್ನೊಬ್ಬರು ಅದೇ ಹೋಟೆಲಿಗೆ ಮೂರು ತಿಂಗಳ ಕೈಸಾಲ ಕೊಟ್ಟರು ಅಥವಾ ಅದರ ಷೇರು ಕೊಂಡರು. ಗಿರಾಕಿ ಕಡಿಮೆಯಾದ ಸುಳಿವು ಸಿಕ್ಕ ದಿನವೇ ಅವರು ಹಣ ಎತ್ತಿಕೊಂಡು ಹೋಗಬಹುದು. ಇದು ಹಾರುವ ಹಣ.

ನಮ್ಮ ಕಾನೂನು ಇದಕ್ಕೊಂದು ಗೆರೆ ಎಳೆದಿದೆ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ವಿದೇಶಿಯೊಬ್ಬನ ಪಾಲು ಶೇ. 10 ಅಥವಾ ಮೇಲಿದ್ದರೆ ಅದು ನೇರ ಹೂಡಿಕೆ. ಅದಕ್ಕಿಂತ ಕಡಿಮೆಯಾದರೆ ಪೇಟೆಯ ಹೂಡಿಕೆ. ವಿದೇಶಿ ಸಂಸ್ಥೆಗಳಿಗೆ ನಮ್ಮ ಷೇರುಪೇಟೆಯ ಬಾಗಿಲು ತೆರೆದದ್ದು 1992ರಲ್ಲಿ.

ಎರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ಥಾಯ್ಲೆಂಡಿಗೆ ಹೋಗಬೇಕು. 1990ರ ದಶಕದ ಆರಂಭದಲ್ಲಿ ಆ ದೇಶ ಎಲ್ಲರ ಕಣ್ಮಣಿ. ಅಲ್ಲಿನ ಬಾಟ್ ನಾಣ್ಯವನ್ನು ಡಾಲರಿಗೆ ಸುಮಾರು 25 ಎಂದು ಕಟ್ಟಿಹಾಕಿದ್ದರು. ಹೊರಗೆ ಡಾಲರ್ ಸಾಲ ಅಗ್ಗ, ಒಳಗೆ ಬಾಟ್ ಬಡ್ಡಿ ದುಬಾರಿ. 1993ರಲ್ಲಿ ಹೊರಗಿನ ಸಾಲ ತರಲು ಸರ್ಕಾರವೇ ದಾರಿ ಸಲೀಸು ಮಾಡಿಕೊಟ್ಟಿತು. ಅಲ್ಲಿನ ಫೈನಾನ್ಸ್ ಕಂಪನಿಗಳು ಅಗ್ಗದಲ್ಲಿ ಡಾಲರ್ ತಂದು ಬ್ಯಾಂಕಾಕಿನ ಬಿಲ್ಡರುಗಳಿಗೆ ದುಬಾರಿ ಬಡ್ಡಿಗೆ ಕೊಟ್ಟವು. ತಂದದ್ದು ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ, ಕಟ್ಟಿದ್ದು ಐದು ವರ್ಷ ಹಿಡಿಯುವ ಗೋಪುರ. ಆ ಗೋಪುರ ಒಂದು ಡಾಲರನ್ನೂ ದುಡಿಯುವುದಿಲ್ಲ!

1996ರಲ್ಲಿ ರಫ್ತು ಕುಂಠಿತವಾಯಿತು. ಸಾಲ ಕೊಟ್ಟವರಿಗೆ ಅನುಮಾನ ಬಂತು, ಸಾಲ ಮುಂದುವರಿಸಲು ಒಲ್ಲೆ ಅಂದರು. ಎಲ್ಲರೂ ಒಟ್ಟಿಗೆ ಬಾಟ್ ಮಾರಿ ಡಾಲರ್ ಕೇಳಿದರು. ನಾಣ್ಯವನ್ನು ಉಳಿಸಲು ಕೇಂದ್ರ ಬ್ಯಾಂಕ್ ಕೈಯಲ್ಲಿದ್ದ ಡಾಲರ್ ಸುರಿದು ಬರಿಗೈಯಾಯಿತು. 1997ರ ಜುಲೈ 2ರಂದು ಬಾಟ್‌ನ ಹಗ್ಗ ಬಿಚ್ಚಿದರು. 1998ರ ಜನವರಿ ಹೊತ್ತಿಗೆ ಡಾಲರಿಗೆ 50 ಬಾಟ್ ಕೂಡ ದಾಟಿಹೋಯಿತು. ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಡಾಲರ್ ಸಾಲ ತಂದವನು 25 ಲಕ್ಷ ಬಾಟ್ ತೀರಿಸಬೇಕಿತ್ತು. ಏಳು ತಿಂಗಳಲ್ಲಿ ಅದು 50 ಲಕ್ಷ ಮೀರಿತು. ಅವನು ಹೊಸದಾಗಿ ಒಂದು ಕಾಸೂ ಸಾಲ ಮಾಡಿರಲಿಲ್ಲ. ಬಾಗಿಲು ಹಾಕಿಸಿದ 58 ಫೈನಾನ್ಸ್ ಕಂಪನಿಗಳಲ್ಲಿ 56 ಮತ್ತೆ ತೆರೆಯಲೇ ಇಲ್ಲ. ಆಗ ಅರ್ಧಕ್ಕೆ ನಿಂತ ಬ್ಯಾಂಕಾಕಿನ ಸಾಥೋರ್ನ್ ಗೋಪುರ ಎಷ್ಟೋ ವರ್ಷ ಹಾಗೇ ಬೋಳಾಗಿ ನಿಂತಿತ್ತು.

ಆದರೆ ಅದೇ ದೇಶದಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಕತೆಯೂ ನಡೆಯಿತು. ಅಲ್ಲಿ ಜಪಾನಿನವರ ವಾಹನ ಕಾರ್ಖಾನೆಗಳಿದ್ದವು. 1996ರಲ್ಲಿ ಸುಮಾರು 5.9 ಲಕ್ಷವಿದ್ದ ವಾಹನ ಮಾರಾಟ 1998ರಲ್ಲಿ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಕಾರ್ಖಾನೆಯವರೂ ಓಡಿಹೋಗುತ್ತಿದ್ದರೇನೋ, ಆದರೆ ತಗಡು ಒತ್ತುವ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಲಾಗದಲ್ಲ! ಅವರು ಉಳಿದರು. ಬಾಟ್ ಅಗ್ಗವಾಗಿದ್ದರಿಂದ ಥಾಯ್ಲೆಂಡಿನಲ್ಲಿ ತಯಾರಾದ ವಾಹನ ಹೊರದೇಶದಲ್ಲಿ ಅಗ್ಗವಾಯಿತು. ರಫ್ತಿನ ಕಡೆ ತಿರುಗಿದರು. 2012ರ ಹೊತ್ತಿಗೆ ಆ ಪುಟ್ಟ ದೇಶ ವರ್ಷಕ್ಕೆ 24 ಲಕ್ಷಕ್ಕೂ ಹೆಚ್ಚು ವಾಹನ ತಯಾರಿಸುತ್ತಿತ್ತು. ಒಂದೇ ಬಿರುಗಾಳಿ. ಬೇರು ಬಿಟ್ಟ ಹಣ ನಿಂತಿತು, ಬೇರಿಲ್ಲದ್ದು ಹಾರಿತು.

ಇದು ನಿಮಗೆ ದೂರದ ಕತೆ ಅನ್ನಿಸಿದರೆ 2024ರ ಅಕ್ಟೋಬರ್ ನೆನೆಸಿಕೊಳ್ಳಿ. ಆ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಷೇರುಪೇಟೆಯಿಂದ ಸುಮಾರು 94 ಸಾವಿರ ಕೋಟಿ ರೂಪಾಯಿ ಹಿಂದೆ ತೆಗೆದರು. ಪೇಟೆ ಇಳಿಯಿತು, ಆದರೆ ಕುಸಿದು ಬೀಳಲಿಲ್ಲ. ಅವರು ಮಾರಿದ್ದನ್ನು ನಮ್ಮ ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು ಕೊಂಡವು. ಆ ಹಣ ಎಲ್ಲಿಯದು? ನೀವು ತಿಂಗಳು ತಿಂಗಳು ಕಟ್ಟುವ ಐನೂರು, ಸಾವಿರದ ಕಂತುಗಳದ್ದು. ಹಾರುವ ಹಣ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದರಿಂದ ಪೇಟೆಗೆ ಚಟುವಟಿಕೆ ಬರುತ್ತದೆ, ಕಂಪನಿಗಳಿಗೆ ಬೆಲೆ ಸಿಗುತ್ತದೆ. ಅದನ್ನೇ ನಂಬಿ ಮಾಳಿಗೆ ಕಟ್ಟಬಾರದು, ಅಷ್ಟೆ.

3. ನಷ್ಟ ಬಂದರೆ ಯಾರ ತಲೆಗೆ?

ಹೂಡಿಕೆದಾರ ನಷ್ಟದಲ್ಲೂ ಪಾಲುದಾರ ಎಂದು ಮೊದಲೇ ಹೇಳಿದೆವಲ್ಲ? ಹಾಗಾಗದಂತೆ ಕರಾರು ಬರೆಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಮುಂಬೈ, ಪುಣೆಯ ಕೇಳುಗರಿಗೆ ಚೆನ್ನಾಗಿ ಗೊತ್ತಿರುವ ಹೆಸರೊಂದಿದೆ: ದಾಭೋಳ್.

1992ರಲ್ಲಿ ಅಮೆರಿಕದ ಎನ್ರಾನ್ ಕಂಪನಿ ರತ್ನಾಗಿರಿ ಜಿಲ್ಲೆಯ ಸಮುದ್ರ ತೀರದಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಮುಂದೆ ಬಂತು. ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್ ಜೊತೆಗೂಡಿದವು. ಎರಡು ಹಂತ ಸೇರಿ 2,000 ಮೆಗಾವಾಟ್‌ಗೂ ಹೆಚ್ಚಿನ ಯೋಜನೆ. ಇದು ಆರ್ಥಿಕವಾಗಿ ಹೊಂದುವುದಿಲ್ಲ ಎಂದು ವಿಶ್ವಬ್ಯಾಂಕ್ 1993ರಲ್ಲೇ ಸಾಲ ಕೊಡಲು ನಿರಾಕರಿಸಿತ್ತು. ಆದರೂ ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿ 20 ವರ್ಷಗಳ ಖರೀದಿ ಕರಾರಿಗೆ ಸಹಿ ಹಾಕಿತು.

ಆ ಕರಾರು ಹೇಗಿತ್ತು? ನೀವು ಬ್ರಹ್ಮಚಾರಿಯಾಗಿದ್ದಾಗ ಮೆಸ್ಸಿನಲ್ಲಿ ಊಟ ಮಾಡಿದ್ದರೆ ಸುಲಭವಾಗಿ ಅರ್ಥವಾಗುತ್ತದೆ. ನೀವು ಉಂಡರೂ ದುಡ್ಡು, ಉಣ್ಣದಿದ್ದರೂ ದುಡ್ಡು. ಮೆಸ್ಸಿನವನು ಅಡುಗೆ ಮಾಡಲು ಸಿದ್ಧನಿದ್ದರೆ ಸಾಕು. ಅಕ್ಕಿ ಬೇಳೆಯ ಬೆಲೆ ಏರಿದರೆ ಆ ಏರಿಕೆ ನಿಮ್ಮ ಲೆಕ್ಕಕ್ಕೆ. ಬಿಲ್ಲು ಡಾಲರಿನ ಲೆಕ್ಕದಲ್ಲಿ, ಹಾಗಾಗಿ ರೂಪಾಯಿ ಇಳಿದರೆ ಆ ಇಳಿಕೆಯೂ ನಿಮ್ಮ ಲೆಕ್ಕಕ್ಕೆ. ಇಪ್ಪತ್ತು ವರ್ಷ ಮೆಸ್ ಬಿಡುವ ಹಾಗಿಲ್ಲ. ಸ್ಥಾವರ ಶೇ. 90ರಷ್ಟು ಸಿದ್ಧವಾಗಿದ್ದರೆ ಮಂಡಳಿ ವಿದ್ಯುತ್ ಪಡೆಯಲಿ ಬಿಡಲಿ, ಸ್ಥಿರ ಶುಲ್ಕ ಕೊಡಲೇಬೇಕಿತ್ತು. ಮಂಡಳಿ ಕೊಡದಿದ್ದರೆ ರಾಜ್ಯ ಸರ್ಕಾರ ಜಾಮೀನು, ರಾಜ್ಯ ಕೊಡದಿದ್ದರೆ ಕೇಂದ್ರ ಸರ್ಕಾರದ ಪ್ರತಿ ಜಾಮೀನು!

1995ರ ಆಗಸ್ಟ್‌ನಲ್ಲಿ ಹೊಸ ರಾಜ್ಯ ಸರ್ಕಾರ ಯೋಜನೆಯನ್ನು ರದ್ದು ಮಾಡಿತು, 1996ರಲ್ಲಿ ಮತ್ತೆ ಮಾತುಕತೆಯಾಡಿ ಒಪ್ಪಿಕೊಂಡಿತು. 1999ರ ಮೇ ತಿಂಗಳಲ್ಲಿ ಮೊದಲ ಹಂತ ವಿದ್ಯುತ್ ಕೊಡಲು ಶುರುಮಾಡಿತು. ಅಷ್ಟರಲ್ಲಿ ರೂಪಾಯಿ ಇಳಿದಿತ್ತು, ಇಂಧನದ ಬೆಲೆ ಏರುತ್ತಿತ್ತು. ಮಂಡಳಿಗೆ ಆ ದರದ ವಿದ್ಯುತ್ ಕೊಳ್ಳುವುದೂ ಕಷ್ಟ, ಕೊಳ್ಳದೆ ಶುಲ್ಕ ಕೊಡುವುದೂ ಕಷ್ಟ. 2001ರಲ್ಲಿ ಬಾಕಿ ಬಿತ್ತು. ಎನ್ರಾನ್ ಜಾಮೀನಿನ ಕಾಗದ ಹಿಡಿದು ದೆಹಲಿಯ ಬಾಗಿಲು ಬಡಿಯಿತು. ಮೇ ತಿಂಗಳಲ್ಲಿ ಸ್ಥಾವರ ನಿಂತಿತು, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಎನ್ರಾನ್ ಕಂಪನಿಯೇ ದಿವಾಳಿ ಎದ್ದಿತು. ಕೊನೆಗೆ 2005ರಲ್ಲಿ ನಮ್ಮದೇ ಎನ್‌ಟಿಪಿಸಿ ಮತ್ತು ಗೇಲ್ ಸೇರಿ ಹೊಸ ಕಂಪನಿ ಕಟ್ಟಿ ಸ್ಥಾವರವನ್ನು ವಹಿಸಿಕೊಳ್ಳಬೇಕಾಯಿತು. ಇನ್ನೊಂದು ಸಂಗತಿ ಗಮನಿಸಿ. ವಿದೇಶಿ ಹೂಡಿಕೆ ಎಂದು ಕರೆದ ಈ ಯೋಜನೆಗೆ ಐಡಿಬಿಐ, ಸ್ಟೇಟ್ ಬ್ಯಾಂಕಿನಂಥ ನಮ್ಮ ಸಂಸ್ಥೆಗಳೂ ಸಾಲ ಕೊಟ್ಟಿದ್ದವು. ಸ್ಥಾವರ ನಿಂತಾಗ ಸಿಕ್ಕಿಬಿದ್ದದ್ದು ನಿಮ್ಮ ನಮ್ಮ ಠೇವಣಿಯ ಹಣವೂ ಹೌದು.

ತಪ್ಪು ಎಲ್ಲಿತ್ತು? ಹಣ ವಿದೇಶದ್ದು ಎನ್ನುವುದರಲ್ಲಿ ಅಲ್ಲ. ಪಾಲುದಾರನ ಲಾಭ ಮತ್ತು ಸಾಲಗಾರನ ಭದ್ರತೆ, ಎರಡನ್ನೂ ಒಬ್ಬನಿಗೇ ಬರೆದುಕೊಟ್ಟದ್ದರಲ್ಲಿ. ಜಾಮೀನು ಹಾಕುವವನು ಮೊದಲು ತನ್ನ ಕಿಸೆ ನೋಡಿಕೊಳ್ಳಬೇಕು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿರಲಿಲ್ಲ.

ಕರಾವಳಿಯವರಿಗೆ ಇಲ್ಲಿ ಕೊಜೆಂಟ್ರಿಕ್ಸ್ ನೆನಪಾಗದೆ ಇರದು. ಪಡುಬಿದ್ರಿ ಹತ್ತಿರದ ನಂದಿಕೂರಿನಲ್ಲಿ 1,000 ಮೆಗಾವಾಟ್ ಸ್ಥಾವರ ಕಟ್ಟಲು ಬಂದಿದ್ದ ಈ ಅಮೆರಿಕನ್ ಕಂಪನಿಯ ಯೋಜನೆಯೂ ದಾಭೋಳ್‌ನಂತೆ ಕೇಂದ್ರದ ಜಾಮೀನು ಬಯಸಿದ ಪಟ್ಟಿಯಲ್ಲೇ ಇತ್ತು. ಪರಿಸರದ ಹೋರಾಟ, ಕೋರ್ಟಿನ ಮೊಕದ್ದಮೆ, ಜಾಮೀನಿನ ವಿಳಂಬ ಎಲ್ಲ ಸೇರಿ 1999ರ ಡಿಸೆಂಬರ್‌ನಲ್ಲಿ ಕಂಪನಿ ಹಿಂದೆ ಸರಿಯಿತು. ಬಂದ ಲಕ್ಷ್ಮಿಯನ್ನು ಓಡಿಸಿದರು ಎಂದು ಆಗ ಹಲವರು ಬೇಸರಪಟ್ಟರು. ಎರಡೇ ವರ್ಷದಲ್ಲಿ ದಾಭೋಳ್ ಕಂಡ ಗತಿ ನೋಡಿದ ಮೇಲೆ, ಕರಾರಿನ ಬಗ್ಗೆ ಎದ್ದ ಪ್ರಶ್ನೆಗಳು ಅಷ್ಟೇನೂ ಅನಗತ್ಯವಾಗಿರಲಿಲ್ಲ ಅನ್ನಿಸುತ್ತದೆ.

4. ಹೋದ ಮೇಲೆ ಏನು ಉಳಿಯುತ್ತದೆ?

ಹಾಗಾದರೆ ಒಳ್ಳೆಯ ಕರಾರು ಹೇಗಿರುತ್ತದೆ? ಇದಕ್ಕೆ ದೆಹಲಿ ಕೇಳುಗರ ಪಕ್ಕದ ಗುರುಗ್ರಾಮಕ್ಕೆ ಹೋಗೋಣ. 1982ರ ಅಕ್ಟೋಬರ್‌ನಲ್ಲಿ ಸರ್ಕಾರದ ಮಾರುತಿ ಉದ್ಯೋಗ ಜಪಾನಿನ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. ಸುಜುಕಿಯ ಪಾಲು ಶೇ. 26, ಉಳಿದದ್ದು ಸರ್ಕಾರದ್ದು. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈ ಗಿರಾಕಿಯ ಕೈ ಸೇರಿತು.

ಮೊದಮೊದಲು ಬಹುತೇಕ ಬಿಡಿಭಾಗಗಳು ಜಪಾನಿನಿಂದ ಬರುತ್ತಿದ್ದವು. ಆದರೆ ವರ್ಷ ವರ್ಷಕ್ಕೂ ಇಷ್ಟಿಷ್ಟು ಭಾಗ ಇಲ್ಲೇ ತಯಾರಾಗಬೇಕು ಎಂಬ ಷರತ್ತು ಇತ್ತು. ಇಲ್ಲಿ ತಯಾರಿಸುವವರು ಯಾರು? ಅಷ್ಟು ಗುಣಮಟ್ಟದ ಕೆಲಸ ಬಲ್ಲವರು ಕಡಿಮೆ. ಹಾಗಾಗಿ ಮಾರುತಿ ತಾನೇ ಸಣ್ಣ ಕಂಪನಿಗಳಲ್ಲಿ ಪಾಲು ಹಾಕಿತು, ಜಪಾನಿನ ಬಿಡಿಭಾಗ ತಯಾರಕರನ್ನು ಇಲ್ಲಿನವರ ಜೊತೆ ಕೂಡಿಸಿತು. ಸ್ಟೇರಿಂಗ್ ಒಬ್ಬರು, ಸೀಟು ಒಬ್ಬರು, ಗಾಜು ಒಬ್ಬರು. ಹೀಗೆ ಗುರುಗ್ರಾಮದ ಸುತ್ತ ಒಂದು ಕಸುಬಿನ ಕೇರಿಯೇ ಬೆಳೆಯಿತು. ಅಲ್ಲಿ ಕಲಿತ ಕೈಗಳು ಮುಂದೆ ಬೇರೆ ಕಂಪನಿಗಳಿಗೂ ದುಡಿದವು. 2003ರಲ್ಲಿ ಸರ್ಕಾರ ತನ್ನ ಷೇರನ್ನು ಸಾರ್ವಜನಿಕರಿಗೆ 125 ರೂಪಾಯಿಗೊಂದರಂತೆ ಮಾರಿತು, 2007ರಲ್ಲಿ ಪೂರ್ತಿ ಹೊರಬಂತು. ಸರ್ಕಾರ ಹೊರಬಂದರೂ ಕಸುಬು ಇಲ್ಲೇ ಉಳಿಯಿತು. ದಾಭೋಳ್‌ನಲ್ಲಿ ಕೊಟ್ಟದ್ದು ಜಾಮೀನು, ಗುರುಗ್ರಾಮದಲ್ಲಿ ಕೇಳಿದ್ದು ಕಲಿಕೆ. ಫಲವೂ ಹಾಗೇ ಬಂತು.

ಎಲ್ಲವೂ ಸಿಹಿಯೇ ಎಂದು ಹೇಳುತ್ತಿಲ್ಲ. ತಂತ್ರಜ್ಞಾನಕ್ಕಾಗಿ ಪ್ರತಿವರ್ಷ ಜಪಾನಿಗೆ ಹೋಗುವ ರಾಯಧನ ಹೆಚ್ಚಾಯಿತೆಂದು ಸಣ್ಣ ಷೇರುದಾರರು ತಕರಾರು ಎತ್ತಿದ್ದುಂಟು. 2012ರ ಜುಲೈಯಲ್ಲಿ ಮಾನೇಸರ್ ಕಾರ್ಖಾನೆಯಲ್ಲಿ ಕಾರ್ಮಿಕರ ಅಸಮಾಧಾನ ಹಿಂಸೆಗೆ ತಿರುಗಿ ಅಧಿಕಾರಿಯೊಬ್ಬರ ಜೀವ ಹೋಯಿತು. ಕಾಯಂ ಕೆಲಸಗಾರನಿಗೂ ಗುತ್ತಿಗೆ ಕೆಲಸಗಾರನಿಗೂ ಇರುವ ಸಂಬಳದ ಅಂತರ ಆಗ ದೊಡ್ಡ ಚರ್ಚೆಯಾಯಿತು. ಕೆಲಸ ಸಿಗುತ್ತದೆ ಎಂದಾಗ, ಎಂಥ ಕೆಲಸ ಎಂದೂ ಕೇಳಬೇಕು.

ಇನ್ನು ಹಣ ಹೊರಗೆ ಹೋಗುವ ವಿಚಾರ. ಚೆನ್ನೈ ಕೇಳುಗರಿಗೆ ಇರುಂಗಾಟ್ಟುಕೋಟೈಯ ಹ್ಯುಂಡೈ ಕಾರ್ಖಾನೆ ಗೊತ್ತು. 1998ರಲ್ಲಿ ಸ್ಯಾಂಟ್ರೊ ಕಾರಿನಿಂದ ಶುರುವಾದದ್ದು. 2024ರ ಅಕ್ಟೋಬರ್‌ನಲ್ಲಿ ಆ ಕಂಪನಿ ನಮ್ಮ ಷೇರುಪೇಟೆಗೆ ಬಂತು. ಸುಮಾರು 27,870 ಕೋಟಿ ರೂಪಾಯಿ, ಅಲ್ಲಿಯವರೆಗೆ ದೇಶ ಕಂಡ ಅತಿ ದೊಡ್ಡ ಷೇರು ಮಾರಾಟ. ಆದರೆ ಅದರಲ್ಲಿ ಹೊಸ ಷೇರು ಒಂದೂ ಇರಲಿಲ್ಲ. ಕೊರಿಯಾದ ಮಾತೃಸಂಸ್ಥೆ ತನ್ನ ಪಾಲಿನ ಒಂದು ಭಾಗವನ್ನು ನಮಗೆ ಮಾರಿತು. ಹಣ ಹೋದದ್ದು ಕೊರಿಯಾಕ್ಕೆ.

ಇದು ತಪ್ಪೇ? ಖಂಡಿತ ಅಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ದುಡಿದವರು ಲಾಭ ಒಯ್ಯುತ್ತಾರೆ. ಪರ ಊರಿನಲ್ಲಿ ದುಡಿಯುವ ನಾವೂ ತಿಂಗಳ ಮೊದಲ ವಾರ ಊರಿಗೆ ಮನಿ ಆರ್ಡರ್ ಕಳಿಸಿದವರೇ ಅಲ್ಲವೇ? ಆದರೆ ದೇಶದ ಲೆಕ್ಕ ಓದುವಾಗ ಬಂದದ್ದನ್ನೂ ನೋಡಬೇಕು, ಹೋದದ್ದನ್ನೂ ನೋಡಬೇಕು. ರಿಸರ್ವ್ ಬ್ಯಾಂಕಿನ ಮೊದಲ ಅಂದಾಜಿನಂತೆ 2024–25ರಲ್ಲಿ ನಮ್ಮ ದೇಶಕ್ಕೆ ಬಂದ ಒಟ್ಟು ನೇರ ಹೂಡಿಕೆ ಸುಮಾರು 8,100 ಕೋಟಿ ಡಾಲರ್. ಕೇಳಲು ಎಷ್ಟು ಚೆನ್ನ! ಅದೇ ವರ್ಷ ವಿದೇಶಿ ಕಂಪನಿಗಳು ಹಿಂದೆ ಒಯ್ದದ್ದು 5,000 ಕೋಟಿ ಡಾಲರ್‌ಗೂ ಹೆಚ್ಚು. ನಮ್ಮವರು ಹೊರದೇಶಗಳಲ್ಲಿ ಹೂಡಿದ್ದು 2,900 ಕೋಟಿ ಡಾಲರ್ ಆಸುಪಾಸು. ಕಳೆದು ನೋಡಿದರೆ ಉಳಿದದ್ದು 40 ಕೋಟಿ ಡಾಲರ್‌ಗೂ ಕಡಿಮೆ. ಮೊದಲ ಅಂಕಿಯೂ ಸುಳ್ಳಲ್ಲ, ಕೊನೆಯದೂ ಸುಳ್ಳಲ್ಲ. ವಾರ್ತೆಯಲ್ಲಿ ಯಾವುದು ಬಂತು ಎಂದು ನಾವು ಗಮನಿಸಬೇಕು.

ಕೊನೆಯದಾಗಿ

ನಾವು ಈಗ 1991ರ ಸ್ಥಿತಿಯಲ್ಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹ 70,000 ಕೋಟಿ ಡಾಲರ್ ದಾಟಿತ್ತು. ಒಡವೆ ಅಡವಿಟ್ಟು ಅಕ್ಕಿ ತರುವವನು ಸಿಕ್ಕ ಕರಾರಿಗೆ ಸಹಿ ಹಾಕುತ್ತಾನೆ. ಕಣಜದಲ್ಲಿ ಕಾಳಿರುವವನು ಕೂತು ಮಾತಾಡಬಹುದು. ಇವತ್ತು ನಮ್ಮ ಸರ್ಕಾರಗಳಿಗೆ ಕೂತು ಮಾತಾಡುವ ಶಕ್ತಿಯಿದೆ. ಆದರೆ ಒಂದು ರಾಜ್ಯ ತೆರಿಗೆ ಬಿಟ್ಟರೆ ಪಕ್ಕದ ರಾಜ್ಯ ತೆರಿಗೆಯ ಜೊತೆ ಭೂಮಿಯನ್ನೂ ಅಗ್ಗಕ್ಕೆ ಬಿಡುವ ಪೈಪೋಟಿ ನಡೆದಿರುವಾಗ ಆ ಶಕ್ತಿ ಸೋರಿಹೋಗುತ್ತದೆ. ಬೆಂಗಳೂರು, ಹೈದರಾಬಾದ್, ಚೆನ್ನೈ, ಪುಣೆ ಎಲ್ಲ ಕಡೆ ಹಂಚಿಹೋಗಿರುವ ನಮಗೆ ಇದು ಯಾವುದೋ ಒಂದು ಊರಿನ ಸಮಸ್ಯೆ ಅಲ್ಲ. ಒಂದು ಕಡೆ ಅಕ್ಕನ ಮಗನಿಗೆ ಕೆಲಸ, ಇನ್ನೊಂದು ಕಡೆ ದೊಡ್ಡಪ್ಪನ ಹೊಲ.

ಹಾಗಾಗಿ ಮುಂದಿನ ಸಲ ವಾರ್ತೆಯಲ್ಲಿ "ಇಷ್ಟು ಸಾವಿರ ಕೋಟಿ" ಎಂದು ಕೇಳಿದಾಗ ಖುಷಿಪಡಿ. ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿಕೊಳ್ಳಿ. ಬಂದಿದೆಯೋ, ಬರುತ್ತೇನೆ ಅಂದಿದೆಯೋ? ನಿಲ್ಲುವುದೋ, ಹಾರುವುದೋ? ನಷ್ಟ ಯಾರ ತಲೆಗೆ? ಹೋದ ಮೇಲೆ ಇಲ್ಲಿ ಏನು ಉಳಿಯುತ್ತದೆ?

ಈ ಪ್ರಶ್ನೆ ಕೇಳಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಮನೆ ಬಾಡಿಗೆಗೆ ಕೊಡುವಾಗ, ಚೀಟಿಗೆ ಸೇರುವಾಗ, ಹೆಣ್ಣು ಗಂಡು ನೋಡುವಾಗ ನಮ್ಮ ಮನೆಯ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳೇ ಇವು. ದೇಶದ ವ್ಯವಹಾರದಲ್ಲೂ ಅವನ್ನು ಕೇಳುವ ಹಕ್ಕು ನಮಗಿದೆ. ಕರಾರು ನಮ್ಮ ಹೆಸರಿನಲ್ಲೇ ಆಗುತ್ತದೆ, ಜಾಮೀನೂ ನಮ್ಮದೇ.

ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಓದುತ್ತಿರಿ, ಲೆಕ್ಕವನ್ನೂ ಕೇಳುತ್ತಿರಿ!